ತೋಟದ ಕೆರೆಯ ಜಲಾಂತರ್ಗಾಮಿಗೆ ಯಾವ ಮೋಟಾರ್?

ರಿಮೋಟ್‌ನಿಂದ ಓಡುವ ಜಲಾಂತರ್ಗಾಮಿಯ ಮಾದರಿ ಕಟ್ಟಲು ಹೊರಟವರು ಮೊದಲು ಕೇಳುವುದು ಮೋಟಾರಿನ ವಿಷಯವನ್ನೇ. ಬ್ರಷ್ ಇರುವುದು ಒಳ್ಳೆಯದೋ, ಬ್ರಷ್‌ಲೆಸ್ ಒಳ್ಳೆಯದೋ, ಎಷ್ಟು ವೋಲ್ಟ್, ಎಷ್ಟು ಸುತ್ತು ಎಂದು. ಈಚೆಗೆ ಮೂರು ಕಡೆಯಿಂದ ಇದೇ ಪ್ರಶ್ನೆ ಬಂತು. ವಿರಾಜಪೇಟೆಯ ನಿವೃತ್ತ ನೌಕಾಪಡೆಯವರೊಬ್ಬರಿಗೆ ಐಎನ್‌ಎಸ್ ಕುರ್ಸುರಾ ಎಂಬ ಹಳೆಯ ಭಾರತೀಯ ಜಲಾಂತರ್ಗಾಮಿಯ ಮಾದರಿ ಮಾಡುವ ಆಸೆ. ಪೊನ್ನಂಪೇಟೆಯ ಕೆಲವು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೆರೆಯ ತಳವನ್ನು ಕ್ಯಾಮೆರಾದಲ್ಲಿ ನೋಡುವ ಯಂತ್ರ ಬೇಕು. ಸುಂಟಿಕೊಪ್ಪದ ಕಾಫಿ ಬೆಳೆಗಾರರೊಬ್ಬರು ಎಂಟನೇ ತರಗತಿಯ ಮಗಳ ಜೊತೆ ಸೇರಿ, ಕಡಿಮೆ ಖರ್ಚಿನಲ್ಲಿ ಮುಳುಗಿ ಏಳುವಂಥದ್ದೊಂದನ್ನು ಮಾಡಬೇಕೆಂದಿದ್ದಾರೆ. ಮೂವರಿಗೂ ಒಂದೇ ಮೋಟಾರಿನ ಹೆಸರು ಹೇಳಿಬಿಟ್ಟರೆ ಕನಿಷ್ಠ ಇಬ್ಬರ ದುಡ್ಡು ನೀರುಪಾಲು.

ಮೋಟಾರು ಕೊನೆಯಲ್ಲಿ ತೀರ್ಮಾನವಾಗಬೇಕಾದದ್ದು. ಅದಕ್ಕೂ ಮೊದಲು ಉತ್ತರ ಸಿಗಬೇಕಾದ ಪ್ರಶ್ನೆಗಳಿವೆ: ಯಾವ ನೀರಿನಲ್ಲಿ ಬಿಡುತ್ತೀರಿ, ಹೇಗೆ ಮುಳುಗಿಸುತ್ತೀರಿ, ಎಷ್ಟು ವೇಗ ಬೇಕು, ರೇಡಿಯೊ ಯಾವುದು, ಕೆಟ್ಟರೆ ಯಾರು ಸರಿಮಾಡುತ್ತಾರೆ.

ಮೊದಲು ನೀರು

ಕೊಡಗಿನಲ್ಲಿ ಇಂಥ ಮಾದರಿಗಳು ಇಳಿಯುವುದು ಬಹುಪಾಲು ತೋಟದ ಕೆರೆಗಳಿಗೆ. ಹಾರಂಗಿ, ಚಿಕ್ಲಿಹೊಳೆ ಜಲಾಶಯಗಳನ್ನು ನೋಡಿದಾಗ ಕೈ ತುರಿಸುವುದು ಸಹಜ. ಆದರೆ ಅಲ್ಲಿಗೆ ಇಳಿಯಲು ಅನುಮತಿ ಬೇಕು, ಆಳ ಹೆಚ್ಚು, ಒಮ್ಮೆ ಕೆಳಗೆ ಹೋದರೆ ಎತ್ತಿಕೊಡುವವರಿಲ್ಲ. ಕಾವೇರಿಯ ಮಾತೇ ಬೇಡ. ಸಾಧಾರಣ ಹರಿವೂ ಮಾದರಿಯ ವೇಗಕ್ಕಿಂತ ಜಾಸ್ತಿ. ಹೋಂಸ್ಟೇ ಅಥವಾ ರೆಸಾರ್ಟ್ ನಡೆಸುವ ನೆಂಟರಿದ್ದರೆ ಅವರ ಈಜುಕೊಳವೇ ನಮ್ಮ ಜಿಲ್ಲೆಯ ಅತ್ಯಂತ ತಿಳಿಯಾದ ನೀರು. ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ತೋಟದ ಕೆರೆಗೆ ತನ್ನದೇ ಪಂಚಾಂಗವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗದ್ದೆ, ತೋಟಗಳಿಂದ ಇಳಿದ ಕೆಂಪು ನೀರು ತುಂಬಿರುತ್ತದೆ. ಒಂದು ಅಡಿ ಕೆಳಗೆ ಹೋದ ಮಾದರಿ ಕಣ್ಣಿಗೆ ಬೀಳುವುದಿಲ್ಲ. ನೀರು ತಿಳಿಯಾಗುವುದು ನವೆಂಬರ್ ಕಳೆದ ಮೇಲೆ, ಅಂದರೆ ಕಾಫಿ ಕೊಯ್ಲು ಶುರುವಾಗಿ ಯಾರಿಗೂ ಪುರಸೊತ್ತಿಲ್ಲದ ಹೊತ್ತಿಗೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಅರಳಿಸಲು ಸ್ಪ್ರಿಂಕ್ಲರ್ ಹಾಕುತ್ತಾರೆ, ಕೆರೆ ತಗ್ಗುತ್ತದೆ. ಪಂಪು ಓಡುತ್ತಿರುವಾಗ ಮಾದರಿಯನ್ನು, ಪೈಪು ನೀರೆಳೆಯುವ ಬಾಯಿಯಾದ ಫುಟ್‌ವಾಲ್ವಿನ ಹತ್ತಿರ ಬಿಡಬಾರದು ಎಂದು ಬೇರೆ ಹೇಳಬೇಕಿಲ್ಲ. ಇನ್ನು ಅಂತರಗಂಗೆ, ಪಾಚಿ, ಸಿಲ್ವರ್ ಓಕಿನ ಎಲೆ, ಯಾರೋ ಬಿಟ್ಟುಹೋದ ಗಾಳದ ನೈಲಾನ್ ದಾರ ವರ್ಷವಿಡೀ ಇದ್ದದ್ದೇ. ಹೊರದೇಶದ ಪುಸ್ತಿಕೆಗಳಲ್ಲಿ ಬರುವ ಸಲಹೆಗಳು ತಿಳಿನೀರಿನ ಕೊಳಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಇಲ್ಲಿಗೆ ಅವು ಅರ್ಧ ಮಾತ್ರ ಹೊಂದುತ್ತವೆ.

ಮುಳುಗುವ ವಿಧಾನವೇ ಮೋಟಾರನ್ನು ಆರಿಸುತ್ತದೆ

ಜಲಾಂತರ್ಗಾಮಿಯನ್ನು ಎರಡು ರೀತಿಯಲ್ಲಿ ಮುಳುಗಿಸಬಹುದು. ಒಂದನೆಯದರಲ್ಲಿ ಮಾದರಿ ಯಾವಾಗಲೂ ತುಸು ತೇಲುವಷ್ಟು ಹಗುರವಾಗಿರುತ್ತದೆ. ಮುಂದಕ್ಕೆ ಓಡುವಾಗ ಪಕ್ಕದ ರೆಕ್ಕೆಗಳನ್ನು ಕೆಳಮುಖ ಮಾಡಿದರೆ ನೀರೇ ಅದನ್ನು ಒತ್ತಿ ಕೆಳಗಿಳಿಸುತ್ತದೆ. ಮೋಟಾರು ನಿಂತರೆ ತಾನಾಗಿ ಮೇಲೆ ಬರುತ್ತದೆ. ಎರಡನೆಯದರಲ್ಲಿ ಬ್ಯಾಲಸ್ಟ್ ಟ್ಯಾಂಕ್ ಇರುತ್ತದೆ. ಪಿಸ್ಟನ್, ಪಂಪು ಅಥವಾ ಒತ್ತಡದ ಅನಿಲದ ಮೂಲಕ ನೀರನ್ನು ಒಳಗೆ ಹೊರಗೆ ಮಾಡಿ, ನಿಂತಲ್ಲೇ ಮುಳುಗಿ ನಿಂತಲ್ಲೇ ಏಳಬಹುದು. ನಿಜವಾದ ಜಲಾಂತರ್ಗಾಮಿಯ ಹಾಗೆ ಕಾಣುವುದು ಇದೇ.

ಮೊದಲನೆಯ ಬಗೆಗೆ ವೇಗ ಬೇಕು, ಏಕೆಂದರೆ ವೇಗವಿಲ್ಲದೆ ರೆಕ್ಕೆಗಳಿಗೆ ಒತ್ತಡ ಸಿಗುವುದಿಲ್ಲ. ಎರಡನೆಯದಕ್ಕೆ ವೇಗದ ಹಂಗಿಲ್ಲ, ತೆವಳುವಷ್ಟು ನಿಧಾನವಾಗಿ ಸಾಗಿದರೂ ನಡೆಯುತ್ತದೆ. ಆದರೆ ಪಂಪು ಕೈಕೊಟ್ಟರೆ ಅಥವಾ ಬ್ಯಾಟರಿ ಮುಗಿದರೆ ಅದು ತಳದಲ್ಲೇ ಉಳಿಯುತ್ತದೆ. ಕೆಂಪು ನೀರಿನ ಕೆರೆಯಲ್ಲಿ ತಳಕ್ಕೆ ಕುಳಿತ ಮಾದರಿಯನ್ನು ಹುಡುಕುವುದೆಂದರೆ ಪಾತಾಳಗರಡಿ ಹಾಕುವ ಕೆಲಸ. ಹಾಗಾಗಿ ಮೊದಲ ಮಾದರಿ ಕಟ್ಟುವವರಿಗೆ ತೇಲುವ ಬಗೆಯನ್ನೇ ಹೇಳುತ್ತೇನೆ. ಬ್ಯಾಲಸ್ಟ್ ಬೇಕೇ ಬೇಕು ಎನ್ನುವವರು, ರೇಡಿಯೊ ಸಂಪರ್ಕ ತಪ್ಪಿದರೆ ಟ್ಯಾಂಕ್ ತಾನಾಗಿ ಖಾಲಿಯಾಗುವ ವ್ಯವಸ್ಥೆಯನ್ನು ಮೋಟಾರಿಗಿಂತ ಮೊದಲು ಕೊಳ್ಳಲಿ.

ವೇಗ ಬೇಕು ಎಂದಾಗ ಎಷ್ಟು? ಇಲ್ಲೇ ಹೆಚ್ಚಿನವರು ಮಿತಿ ಮೀರುವುದು. ಮಾದರಿ ಸಹಜವಾಗಿ ಓಡುವಂತೆ ಕಾಣಬೇಕಾದರೆ ನಿಜವಾದ ಹಡಗಿನ ವೇಗವನ್ನು ಅಳತೆಯ ಪ್ರಮಾಣದ, ಅಂದರೆ ಮಾದರಿ ಎಷ್ಟು ಪಟ್ಟು ಚಿಕ್ಕದೋ ಆ ಸಂಖ್ಯೆಯ, ವರ್ಗಮೂಲದಿಂದ ಭಾಗಿಸಬೇಕು. ಕುರ್ಸುರಾ ಜಲಾಂತರ್ಗಾಮಿಯ ಉದ್ದ 91 ಮೀಟರ್, ಮುಳುಗಿದಾಗಿನ ಗರಿಷ್ಠ ವೇಗ ಸುಮಾರು 15 ನಾಟ್, ಅಂದರೆ ಸೆಕೆಂಡಿಗೆ 7.7 ಮೀಟರ್. ಅದನ್ನು 1:96ರ ಪ್ರಮಾಣದಲ್ಲಿ ಮಾಡಿದರೆ ಮಾದರಿಯ ಉದ್ದ 95 ಸೆಂಟಿಮೀಟರ್. 96ರ ವರ್ಗಮೂಲ 9.8. ಹಾಗಾಗಿ ಮಾದರಿಯ ವೇಗ ಸೆಕೆಂಡಿಗೆ 80 ಸೆಂಟಿಮೀಟರಿಗಿಂತ ತುಸು ಕಡಿಮೆ. ಗಂಟೆಗೆ ಮೂರು ಕಿಲೋಮೀಟರೂ ಇಲ್ಲ. ಕೆರೆ ಏರಿಯ ಮೇಲೆ ಕೈಕಟ್ಟಿಕೊಂಡು ನಡೆದರೂ ನೀವೇ ಮುಂದೆ.

ಅಷ್ಟು ವೇಗಕ್ಕೆ ಬೇಕಾಗುವ ಶಕ್ತಿ ಕೇಳಿದರೆ ನಂಬುವುದು ಕಷ್ಟ. ನಷ್ಟಗಳನ್ನೆಲ್ಲ ಲೆಕ್ಕ ಹಿಡಿದರೂ ಮೀಟರ್ ಉದ್ದದ ನುಣುಪಾದ ಮಾದರಿಗೆ ಹತ್ತು, ಹದಿನೈದು ವಾಟ್ ಧಾರಾಳ. ಇನ್ನೊಂದು ಕಡೆ, ವೇಗವನ್ನು ಎರಡು ಪಟ್ಟು ಮಾಡಬೇಕೆಂದರೆ ಶಕ್ತಿ ಎಂಟು ಪಟ್ಟು ಬೇಕು. ನೂರಾರು ವಾಟ್ ಉಗುಳುವ ಡ್ರೋನ್ ಮೋಟಾರನ್ನು ಇದಕ್ಕೆ ಹಾಕುವವರು ಏನನ್ನು ಬೆನ್ನಟ್ಟುತ್ತಿದ್ದಾರೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ರೇಡಿಯೊದ ತೊಡಕು

ಇವತ್ತು ಅಂಗಡಿಯಲ್ಲಿ ಸಿಗುವ ಹವ್ಯಾಸಿ ರಿಮೋಟ್‌ಗಳೆಲ್ಲ ಹೆಚ್ಚುಕಡಿಮೆ 2.4 ಗಿಗಾಹರ್ಟ್ಸ್‌ನವು. ಆ ತರಂಗವನ್ನು ನೀರು ಹೀರಿಬಿಡುತ್ತದೆ. ಆಂಟೆನಾ ಕೆಲವೇ ಸೆಂಟಿಮೀಟರ್ ಮುಳುಗಿದರೂ ಸಂಪರ್ಕ ತಪ್ಪುತ್ತದೆ. ಹಳೆಯ ಬಗೆಯ 27, 40 ಮೆಗಾಹರ್ಟ್ಸ್ ರಿಮೋಟ್‌ಗಳ ತರಂಗ ಉಪ್ಪಿನಂಶ ಕಡಿಮೆ ಇರುವ ಸಿಹಿನೀರಿನಲ್ಲಿ ಕೆಲವು ಮೀಟರ್ ಆಳಕ್ಕೆ ಇಳಿಯುತ್ತದೆ. ನಮ್ಮ ಮಳೆನೀರಿನ ಕೆರೆಗಳು ಈ ವಿಷಯದಲ್ಲಿ ಅನುಕೂಲದವು. ಕೊಳ್ಳುವ ಮೊದಲು ಯಾವ ತರಂಗಾಂತರಕ್ಕೆ ಪರವಾನಗಿ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಮಾತ್ರ ವಿಚಾರಿಸಿಕೊಳ್ಳಿ. 2.4 ಗಿಗಾಹರ್ಟ್ಸ್ ರಿಮೋಟೇ ಕೈಯಲ್ಲಿದ್ದರೆ ಎರಡು ದಾರಿಗಳಿವೆ: ಪೆರಿಸ್ಕೋಪ್ ಮಟ್ಟಕ್ಕಿಂತ, ಅಂದರೆ ತುದಿ ಮಾತ್ರ ನೀರಿನ ಮೇಲಿರುವ ಮಟ್ಟಕ್ಕಿಂತ, ಕೆಳಗಿಳಿಯದೆ ಓಡಿಸುವುದು, ಅಥವಾ ತೆಳುವಾದ ತಂತಿಯ ತುದಿಗೆ ತೇಲುವ ಬೆಂಡು ಕಟ್ಟಿ ಆಂಟೆನಾವನ್ನು ಮೇಲೆಯೇ ಉಳಿಸುವುದು. ಎರಡನೆಯದು ಅಂತರಗಂಗೆಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಇದಕ್ಕೂ ಮೋಟಾರಿಗೂ ಏನು ಸಂಬಂಧ? ಬ್ರಷ್ ಮೋಟಾರಿನಲ್ಲಿ ಇಂಗಾಲದ ತುಂಡುಗಳು ತಿರುಗುವ ತಾಮ್ರದ ಮೇಲೆ ಉಜ್ಜುತ್ತಾ ಕಿಡಿ ಹಾರಿಸುತ್ತವೆ. ಆ ಕಿಡಿಯ ಗದ್ದಲ ಹೆಚ್ಚು ತೊಂದರೆ ಕೊಡುವುದು ಕಡಿಮೆ ಮೆಗಾಹರ್ಟ್ಸ್‌ನ ರಿಸೀವರಿಗೇ (ಮಾದರಿಯೊಳಗೆ ರಿಮೋಟಿನ ಆಜ್ಞೆ ಹಿಡಿಯುವ ಭಾಗಕ್ಕೇ), ಅಂದರೆ ನೀರಿನೊಳಗೆ ಕೆಲಸ ಮಾಡುವ ರಿಸೀವರಿಗೇ. ಅಗ್ಗದ ಮೋಟಾರಿಗೂ ಆಳಕ್ಕಿಳಿಯುವ ರೇಡಿಯೊಗೂ ಹೀಗೆ ಹುಟ್ಟಿನಿಂದಲೇ ಜಗಳ. ಜಗಳ ಬಿಡಿಸಲು ಆಗುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಬ್ರಷ್ ಮೋಟಾರ್, ಗಿಯರ್, ದೊಡ್ಡ ಪ್ರೊಪೆಲ್ಲರ್

ನನ್ನ ಒಲವು ಇದರ ಕಡೆಗೇ ಎಂದು ಮೊದಲೇ ಹೇಳಿಬಿಡುತ್ತೇನೆ. ಕೆಲವು ನೂರು ರೂಪಾಯಿಗೆ ಮೋಟಾರು ಸಿಗುತ್ತದೆ. ವೇಗ ನಿಯಂತ್ರಕವೂ ಅಗ್ಗ. ಆಟಿಕೆ ಕಾರಿಗೆ ಹಾಕುವ, ಹಿಂದಕ್ಕೂ ಓಡಿಸುವ ನಿಯಂತ್ರಕವೇ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಈ ಮೋಟಾರು ಸೊನ್ನೆಯಿಂದ ಮೆಲ್ಲಗೆ, ಒಂದೇ ಸಮನೆ ವೇಗ ಏರಿಸಿಕೊಳ್ಳುತ್ತದೆ. ಜಲಾಂತರ್ಗಾಮಿಗೆ ಬೇಕಾದದ್ದೇ ಅದು.

ಆರಿಸುವಾಗ ಒಂದು ಉಪಾಯ ಮಾಡಿ. 12 ವೋಲ್ಟಿನ ಮೋಟಾರನ್ನು ಕೊಂಡು 7.4 ವೋಲ್ಟಿನ ಲಿಥಿಯಂ ಬ್ಯಾಟರಿಯಲ್ಲಿ ಓಡಿಸಿ. 12 ವೋಲ್ಟಿನಲ್ಲಿ ನಿಮಿಷಕ್ಕೆ 10,000 ಸುತ್ತು ತಿರುಗುವ ಮೋಟಾರು ಆಗ ಸುಮಾರು 6,000 ಸುತ್ತಿಗೆ ಇಳಿಯುತ್ತದೆ. ಮೂರಕ್ಕೊಂದರ ಗಿಯರ್ ಹಾಕಿದರೆ ಪ್ರೊಪೆಲ್ಲರಿಗೆ ಸಿಗುವುದು 2,000 ಸುತ್ತು. ಆ ವೇಗದಲ್ಲಿ 40ರಿಂದ 50 ಮಿಲಿಮೀಟರ್ ಅಗಲದ ಪ್ರೊಪೆಲ್ಲರ್ ಹಾಯಾಗಿ ನೀರು ತಳ್ಳುತ್ತದೆ. ಗಿಯರ್ ಇಲ್ಲದೆ ನೇರವಾಗಿ ಜೋಡಿಸುವವರು ಕರೆಂಟ್ ಉಳಿಸಲು ಪ್ರೊಪೆಲ್ಲರನ್ನು ಚಿಕ್ಕದು ಮಾಡುತ್ತಾರೆ. ಚಿಕ್ಕ ಪ್ರೊಪೆಲ್ಲರ್ ವೇಗವಾಗಿ ತಿರುಗುತ್ತಾ ನೀರನ್ನು ಕಡೆಯುತ್ತದೆಯೇ ಹೊರತು ಹಡಗನ್ನು ಅಷ್ಟಾಗಿ ತಳ್ಳುವುದಿಲ್ಲ.

ಪ್ರೊಪೆಲ್ಲರಿನ ಎಲೆಗಳು ಕತ್ತಿಯಂತೆ ಹಿಂದಕ್ಕೆ ಬಾಗಿರುವಂಥದ್ದು ಸಿಕ್ಕರೆ ಅದನ್ನೇ ಆರಿಸಿ. ಪಾಚಿ ಜಾರಿಹೋಗಲು ಆ ಬಾಗು ಸಹಾಯ ಮಾಡುತ್ತದೆ. ಏಳು ಎಲೆಯದು ನೋಡಲು ಚೆಂದ, ನಿಜವಾದ ಹಲವು ಜಲಾಂತರ್ಗಾಮಿಗಳದ್ದೂ ಹಾಗೇ ಇರುತ್ತದೆ. ತೋಟದ ಕೆರೆಗೆ ಮೂರು ಎಲೆಯದೇ ವಾಸಿ.

ಕಿಡಿಯ ವಿಷಯಕ್ಕೆ ಬಂದರೆ, 0.1 ಮೈಕ್ರೋಫ್ಯಾರಡಿನ ಮೂರು ಸೆರಾಮಿಕ್ ಕೆಪಾಸಿಟರ್ ಬೇಕು. ಒಂದನ್ನು ಮೋಟಾರಿನ ಎರಡು ತುದಿಗಳ ನಡುವೆ, ಉಳಿದೆರಡನ್ನು ಒಂದೊಂದು ತುದಿಯಿಂದ ಮೋಟಾರಿನ ಲೋಹದ ಕವಚಕ್ಕೆ ಬೆಸುಗೆ ಹಾಕಬೇಕು. ಕವಚವನ್ನು ಮೊದಲು ಮರಳು ಕಾಗದದಿಂದ ಉಜ್ಜದಿದ್ದರೆ ಬೆಸುಗೆ ನಿಲ್ಲುವುದಿಲ್ಲ. ಮೋಟಾರಿನ ತಂತಿಗಳನ್ನು ಹೆಣೆದು, ರಿಸೀವರನ್ನು, ಇವೆಲ್ಲ ಕೂರುವ ನೀರು ಹೊಗದ ಕೊಳವೆಯ ಇನ್ನೊಂದು ತುದಿಗೆ ಇಡಿ. ರಿಸೀವರಿಗೆ ಬೇರೆಯೇ ಸಣ್ಣ ಬ್ಯಾಟರಿ ಕೊಡುವುದು ಇನ್ನೂ ಒಳ್ಳೆಯದು. ಪ್ರೊಪೆಲ್ಲರಿಗೆ ಬಳ್ಳಿ ಸುತ್ತಿ ಮೋಟಾರು ಸಿಕ್ಕಿಕೊಂಡಾಗ ಅದು ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಹಲವು ಪಟ್ಟು. ಬ್ಯಾಟರಿಯ ವೋಲ್ಟೇಜ್ ಕುಸಿದು, ಬೇಕಾದ ಹೊತ್ತಿನಲ್ಲೇ ರಿಸೀವರ್ ಕಣ್ಣುಮುಚ್ಚುತ್ತದೆ. ನಿಯಂತ್ರಕದ ಸಾಮರ್ಥ್ಯವನ್ನು ಆ ಸಿಕ್ಕಿಕೊಂಡ ಕರೆಂಟಿನ ಲೆಕ್ಕದಲ್ಲಿ ಆರಿಸಿ, ನಡುವೆ ಫ್ಯೂಸ್ ಹಾಕಿ.

ಬ್ರಷ್ ಮೋಟಾರಿನ ನಿಜವಾದ ತಲೆನೋವು ಮೋಟಾರಿನದಲ್ಲ, ಶಾಫ್ಟಿನದು. ಮೋಟಾರು ಒಣಗಿರಬೇಕು, ಪ್ರೊಪೆಲ್ಲರ್ ನೀರಿನಲ್ಲಿರಬೇಕು, ನಡುವೆ ತಿರುಗುವ ಶಾಫ್ಟಿನ ಪಕ್ಕದಿಂದ ನೀರು ನುಗ್ಗಬಾರದು. 4 ಮಿಲಿಮೀಟರಿನ ಸ್ಟೇನ್‌ಲೆಸ್ ಶಾಫ್ಟ್, ಹಿತ್ತಾಳೆಯ ಕೊಳವೆ, ಒಳಗೆ ಗ್ರೀಸ್, ತುದಿಯಲ್ಲಿ ನೈಟ್ರೈಲ್ ರಬ್ಬರಿನ ತುಟಿ ಇರುವ ಸೀಲ್: ಇಷ್ಟಿದ್ದರೆ ಎರಡು ಮೂರು ಮೀಟರ್ ಆಳಕ್ಕೆ ಚಿಂತೆಯಿಲ್ಲ. ಸೀಲ್ ಎಷ್ಟು ಬಿಗಿಯಾಗಿದೆ ಎಂಬುದನ್ನು ಆಮ್ಮೀಟರ್ ಹೇಳುತ್ತದೆ. ಮೋಟಾರನ್ನು ಒಂಟಿಯಾಗಿ ಓಡಿಸಿ ಕರೆಂಟ್ ಬರೆದಿಟ್ಟುಕೊಳ್ಳಿ, ಶಾಫ್ಟು, ಸೀಲು ಜೋಡಿಸಿ ಮತ್ತೆ ನೋಡಿ. ಸ್ವಲ್ಪ ಏರಿದರೆ ಸರಿ. ಎರಡು ಪಟ್ಟಾಗಿದ್ದರೆ ಸೀಲ್ ಬ್ರೇಕಿನಂತೆ ಹಿಡಿಯುತ್ತಿದೆ ಅಥವಾ ಶಾಫ್ಟ್ ಸೊಟ್ಟಗಿದೆ. ಕುಶಾಲನಗರ, ಗೋಣಿಕೊಪ್ಪ ಕಡೆ ಲೇತ್ ಇಟ್ಟುಕೊಂಡವರ ಬಳಿ ಕೊಳವೆಯನ್ನೂ ಶಾಫ್ಟನ್ನೂ ಒಟ್ಟಿಗೆ ಒಯ್ಯಿರಿ. ಅಳತೆ ಬಾಯಲ್ಲಿ ಹೇಳಿ ಬಂದರೆ ಎರಡನೇ ಸಲ ಹೋಗಬೇಕಾಗುತ್ತದೆ.

ಕೆರೆಯಿಂದ ಎತ್ತಿದ ಮೇಲೆ ಪ್ರೊಪೆಲ್ಲರನ್ನು ಪ್ರತಿ ಸಲವೂ ಬಿಚ್ಚಿ ನೋಡಿ. ಅದರ ಬೆನ್ನಿಗೆ, ಸೀಲಿನ ತುಟಿಗೆ ತಾಗುವಂತೆ, ಕೂದಲಿನಷ್ಟು ತೆಳುವಾದ ಪಾಚಿಯ ಎಳೆಗಳು ಒಂದರ ಮೇಲೊಂದು ಸುತ್ತಿಕೊಂಡು ಗಟ್ಟಿ ಉಂಗುರವಾಗಿರುತ್ತವೆ. ಹೊರಗಿನಿಂದ ಕಾಣುವುದಿಲ್ಲ. ಒಣಗಿದ ಮೇಲೆ ಅದು ಬಿಗಿಯುತ್ತದೆ, ಮುಂದಿನ ಓಟದಲ್ಲಿ ಸೀಲನ್ನು ಒಳಕ್ಕೆ ತಳ್ಳುತ್ತದೆ. ಎಳೆಯಲು ಹೋಗದೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ. ನೈಲಾನ್ ದಾರವಾಗಿದ್ದರೆ ಇನ್ನೂ ಜಾಗ್ರತೆ. ಅದು ರಬ್ಬರನ್ನೇ ಕೊಯ್ದುಬಿಡುತ್ತದೆ.

ಸುಂಟಿಕೊಪ್ಪದ ಅಪ್ಪ, ಮಗಳಿಗೆ ನಾನು ಹೇಳಿದ್ದು ಇದನ್ನೇ: ಒಂದು ಬ್ರಷ್ ಮೋಟಾರ್, ಗಿಯರ್, ಪಿವಿಸಿ ಪೈಪಿನ ಒಡಲು, ಬ್ಯಾಲಸ್ಟ್ ಬೇಡ, ತೇಲುವ ಬಗೆ. ಮೂರ್ನಾಲ್ಕು ಸಾವಿರದೊಳಗೆ ಮೋಟಾರಿನ ಭಾಗದ ಕೆಲಸ ಮುಗಿಯುತ್ತದೆ. ಮಗುವಿಗೂ ಪ್ರತಿ ಭಾಗ ಯಾಕಿದೆ ಎಂದು ಕಣ್ಣಿಗೆ ಕಾಣುತ್ತದೆ.

ಬ್ರಷ್‌ಲೆಸ್: ಗುಣವಿದೆ, ಸಹನೆ ಬೇಕು

ಬ್ರಷ್‌ಲೆಸ್ ಮೋಟಾರಿನಲ್ಲಿ ಉಜ್ಜುವ ಇಂಗಾಲವಿಲ್ಲ, ಕಿಡಿಯಿಲ್ಲ, ಸವೆಯುವುದು ಬೇರಿಂಗ್ ಮಾತ್ರ. ಅಷ್ಟೇ ಬ್ಯಾಟರಿಯಲ್ಲಿ ಹೆಚ್ಚು ಹೊತ್ತು ಓಡುತ್ತದೆ. ದೊಡ್ಡ ಮಾದರಿ ಕಟ್ಟುವವರು, ಒಮ್ಮೆ ಇಳಿಸಿದರೆ ಗಂಟೆಗಟ್ಟಲೆ ಓಡಿಸುವವರು ಇದರ ಕಡೆ ನೋಡುವುದು ಸರಿಯೇ.

ತೊಂದರೆ ನಿಧಾನ ವೇಗದಲ್ಲಿದೆ. ಸಂವೇದಕವಿಲ್ಲದ ಸಾಮಾನ್ಯ ಬ್ರಷ್‌ಲೆಸ್ ವ್ಯವಸ್ಥೆಯಲ್ಲಿ ಮೋಟಾರು ತಿರುಗತೊಡಗಿದ ಮೇಲಷ್ಟೇ ನಿಯಂತ್ರಕಕ್ಕೆ ಅದರ ಸ್ಥಾನ ತಿಳಿಯುವುದು. ಹಾಗಾಗಿ ಶುರುವಿನಲ್ಲಿ, ಮಳೆಗಾಲದ ಬೆಳಿಗ್ಗೆ ಹಳೆಯ ಜೀಪು ಶುರುವಾಗುವಂತೆ, ಎರಡು ಮೂರು ಸಲ ತಡವರಿಸಿ ಆಮೇಲೆ ಒಮ್ಮೆಲೇ ಎದ್ದುಬಿಡುತ್ತದೆ. ವಿಮಾನಕ್ಕೆ ಅದು ಲೆಕ್ಕಕ್ಕಿಲ್ಲ. ಪೆರಿಸ್ಕೋಪ್ ಮಟ್ಟದಲ್ಲಿ ಅಲುಗಾಡದೆ ಸಾಗಬೇಕಾದ ಮಾದರಿಗೆ ಅದು ಅಂದಗೇಡು. ಸಂವೇದಕ ಇರುವ, ಕಾರಿಗೆಂದು ಮಾಡಿದ ಮೋಟಾರು ಮತ್ತು ನಿಯಂತ್ರಕದ ಜೋಡಿ ಕೊಂಡರೆ ಈ ದೋಷವಿಲ್ಲ, ಬೆಲೆ ಏರುತ್ತದೆ.

ಕೊಳ್ಳುವಾಗ ಕೆವಿ ಎಂಬ ಸಂಖ್ಯೆ ನೋಡಿ. ಅದು ಒಂದು ವೋಲ್ಟಿಗೆ ಎಷ್ಟು ಸುತ್ತು ಎಂಬ ಲೆಕ್ಕ. ಡ್ರೋನ್ ಕಟ್ಟುವವರು ಬಳಸುವ 1,000 ಕೆವಿ ಮೋಟಾರು ಎಲ್ಲೆಡೆ ಅಗ್ಗವಾಗಿ ಸಿಗುತ್ತದೆ, 11.1 ವೋಲ್ಟಿನಲ್ಲಿ ಅದು 11,000 ಸುತ್ತು ತಿರುಗಲು ಹೋಗುತ್ತದೆ. ಗಾಳಿಯಲ್ಲಿ ಅದು ಸರಿ. ನೀರಿನಲ್ಲಿ ದೊಡ್ಡ ಪ್ರೊಪೆಲ್ಲರ್ ಹಾಕಿದರೆ ಆ ಸುತ್ತು ತಲುಪಲಾರದೆ ಕರೆಂಟ್ ಎಳೆಯುತ್ತಾ ಬಿಸಿಯಾಗುತ್ತದೆ. ನೇರ ಜೋಡಣೆಗೆ 300ರಿಂದ 500 ಕೆವಿಯದು ಹುಡುಕಿ, ಇಲ್ಲವೇ ಇದಕ್ಕೂ ಗಿಯರ್ ಹಾಕಿ. ಇನ್ನೊಂದು ಎಚ್ಚರಿಕೆ: ಡ್ರೋನ್ ಮತ್ತು ವಿಮಾನದ ನಿಯಂತ್ರಕಗಳು ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ಓಡಿಸುವಂಥವು. ಕೆಲವನ್ನು ಎರಡೂ ದಿಕ್ಕಿಗೆ ಹೊಂದಿಸಿಕೊಳ್ಳಬಹುದು, ಎಲ್ಲವನ್ನೂ ಅಲ್ಲ. ಹಿಂದಕ್ಕೆ ಓಡದ ಜಲಾಂತರ್ಗಾಮಿ ಅಂತರಗಂಗೆಯ ಚಾಪೆಗೆ ಮೂಗು ತೂರಿಸಿದರೆ ನೀವೇ ಮೊಣಕಾಲುದ್ದ ಕೆಸರಿಗೆ ಇಳಿಯಬೇಕು.

ಹೊರಗೇ ತೂಗುವ ಮೋಟಾರು

ಶಾಫ್ಟಿನ ಸೀಲೇ ತಲೆನೋವಾದರೆ ಮೋಟಾರನ್ನೇ ನೀರಿಗೆ ಹಾಕಿದರಾಗದೆ? ಆಗುತ್ತದೆ, ಮೂರು ಬಗೆಯಲ್ಲಿ.

ಮೀನುಗಾರಿಕೆ ದೋಣಿಯ ತಳದಲ್ಲಿ ಸೇರಿದ ನೀರನ್ನು ಹೊರಹಾಕಲು 12 ವೋಲ್ಟಿನ ಸಣ್ಣ ಪಂಪು ಬಳಸುತ್ತಾರೆ. ಅದರ ಮೋಟಾರು ಪ್ಲಾಸ್ಟಿಕ್ ಕವಚದೊಳಗೆ ನೀರು ಹೊಗದಂತೆ ಮುಚ್ಚಿ ಬರುತ್ತದೆ. ಒಳಗಿನ ಚಕ್ರವನ್ನು ಕಿತ್ತು ಪ್ರೊಪೆಲ್ಲರ್ ಹಾಕಿದರೆ ಸಿದ್ಧ. ಮಂಗಳೂರಿನ ಬಂದರಿನ ಕಡೆ ದೋಣಿ ಸಾಮಾನು ಮಾರುವವರ ಬಳಿ ವಿಚಾರಿಸಬಹುದು. ಎರಡನೆಯದು, ಡ್ರೋನಿನ ಬ್ರಷ್‌ಲೆಸ್ ಮೋಟಾರನ್ನು ಹಾಗೇ ನೀರಿಗಿಳಿಸುವುದು. ಸುರುಳಿಯ ತಂತಿಗೆ ಎನಾಮಲ್ ಲೇಪವಿರುವುದರಿಂದ ಸಿಹಿನೀರಿನಲ್ಲಿ ಅದು ಓಡುತ್ತದೆ. ಬೇರಿಂಗ್ ಮಾತ್ರ ತುಕ್ಕು ಹಿಡಿಯುತ್ತದೆ, ನಮ್ಮ ಕೆಸರಿನ ಕಣ ಸೇರಿದರೆ ಬೇಗನೆ. ಪ್ರತಿ ಸಲ ಒಣಗಿಸಿ ಎಣ್ಣೆ ಬಿಡುವ ಶಿಸ್ತು ಇದ್ದವರಿಗೆ ಇದು ಅತ್ಯಂತ ಅಗ್ಗದ ದಾರಿ. ಮೂರನೆಯದು, ನೀರೊಳಗಿನ ಯಂತ್ರಗಳಿಗೆಂದೇ ಮಾಡಿದ ಸಿದ್ಧ ಥ್ರಸ್ಟರ್, ಅಂದರೆ ಮೋಟಾರು, ಪ್ರೊಪೆಲ್ಲರ್ ಒಂದಾಗಿರುವ ಘಟಕ. ಬ್ಲೂ ರೊಬೊಟಿಕ್ಸ್‌ನ ಟಿ200 ಇದರಲ್ಲಿ ಹೆಸರುವಾಸಿ. ಅದರ ಸುರುಳಿಗೆ ರಕ್ಷಕ ಲೇಪ, ಬೇರಿಂಗು ಪ್ಲಾಸ್ಟಿಕ್, 7ರಿಂದ 20 ವೋಲ್ಟಿನಲ್ಲಿ ಓಡುತ್ತದೆ. ಗುಣದಲ್ಲಿ ಎರಡು ಮಾತಿಲ್ಲ. ಒಂದರ ಬೆಲೆಗೇ ಹತ್ತಾರು ಸಾವಿರ ರೂಪಾಯಿ ಬೇಕು.

ನೋಟಕ್ಕೆ ಮಹತ್ವ ಕೊಡುವ ಮಾದರಿಗೆ ಇದು ಯಾವುದೂ ಒಪ್ಪುವುದಿಲ್ಲ. ಬಾಲದ ತೆಳುವಾದ ತುದಿಯಲ್ಲಿ ದಪ್ಪ ಮೋಟಾರು ಕುಳಿತರೆ ನೀರಿನ ಹರಿವೂ ಕೆಡುತ್ತದೆ, ಕಣ್ಣಿಗೂ ಕೆಡುಕು. ಆದರೆ ಪೊನ್ನಂಪೇಟೆಯ ಹುಡುಗರಿಗೆ ಬೇಕಾದದ್ದು ಇದೇ. ಎರಡು ಮೋಟಾರು ಹಿಂದೆ ಅಕ್ಕಪಕ್ಕ, ಒಂದು ಮೇಲೆ ಕೆಳಗೆ ಹೋಗಲು ನಡುವೆ. ಎಡದ್ದು, ಬಲದ್ದು ಬೇರೆ ಬೇರೆ ವೇಗದಲ್ಲಿ ಓಡಿದರೆ ಚುಕ್ಕಾಣಿಯೂ ಬೇಡ, ರೆಕ್ಕೆಯೂ ಬೇಡ. ಸಂಪರ್ಕಕ್ಕೆ ರೇಡಿಯೊ ಬಿಟ್ಟು ಕಂಪ್ಯೂಟರ್ ಜಾಲಕ್ಕೆ ಬಳಸುವ ಕೇಬಲ್ಲನ್ನೇ ದಡದವರೆಗೆ ಎಳೆದರೆ ತರಂಗಾಂತರದ ಗೋಳೂ ತಪ್ಪಿತು, ಕ್ಯಾಮೆರಾದ ಚಿತ್ರವೂ ಬಂತು. ಸಿಕ್ಕಿಕೊಂಡರೆ ಎಳೆದುಕೊಳ್ಳಲು ಹಗ್ಗವೂ ಆಯಿತು, ಕೇಬಲ್ಲಿನ ಜೊತೆಗೆ ತೆಳುವಾದ ನೂಲನ್ನು ಸೇರಿಸಿ ಕಟ್ಟಿದ್ದರೆ. ದೋಣಿಯ ಪಂಪಿನ ಮೋಟಾರುಗಳಲ್ಲಿ ಶುರುಮಾಡಿ, ಕಾಲೇಜಿನಿಂದ ಹಣ ಬಂದರೆ ಥ್ರಸ್ಟರಿಗೆ ಏರಬಹುದು.

ಜೆಟ್ಟಿನ ಆಸೆ

ಅಮೆರಿಕದ ಸೀವುಲ್ಫ್, ವರ್ಜೀನಿಯಾ ದರ್ಜೆ, ಬ್ರಿಟನ್ನಿನ ಅಸ್ಟ್ಯೂಟ್ ದರ್ಜೆಯ ಜಲಾಂತರ್ಗಾಮಿಗಳಲ್ಲಿ ತೆರೆದ ಪ್ರೊಪೆಲ್ಲರ್ ಇಲ್ಲ. ಕೊಳವೆಯೊಳಗೆ ತಿರುಗುವ ಪಂಪ್‌ಜೆಟ್ ಇದೆ. ಅದು ಸದ್ದು ಕಡಿಮೆ ಮಾಡಲು ಮಾಡಿದ್ದು. ನಿಮ್ಮ ಕೆರೆಯಲ್ಲಿ ಸದ್ದು ಕೇಳಿ ಬೆನ್ನಟ್ಟುವ ಶತ್ರುಗಳಿಲ್ಲ. ಎಲೆ, ಪಾಚಿ ಹೀರಿಕೊಂಡು ಕಟ್ಟಿಕೊಳ್ಳುವುದರಲ್ಲಿ ಮಾತ್ರ ಅದು ಮುಂದು.

ತೋಟದಲ್ಲಿ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರಿನ ಪಂಪು ಮೂಲೆಯಲ್ಲಿ ಬಿದ್ದಿರುತ್ತದೆ, ಅದನ್ನೇ ಜೆಟ್ ಮಾಡಬಹುದೇ ಎಂದು ಕೇಳುವವರಿದ್ದಾರೆ. ಬೇಡ. ಅದು ಸ್ವಲ್ಪ ನೀರನ್ನು ಬಹಳ ಒತ್ತಡದಿಂದ ಚಿಮ್ಮಿಸುತ್ತದೆ. ತಳ್ಳುವ ಬಲ ಬೇಕಾದರೆ ಆಗಬೇಕಾದದ್ದು ಅದರ ತಿರುಗುಮುರುಗು: ಬಹಳ ನೀರನ್ನು ಮೆಲ್ಲಗೆ ತಳ್ಳುವುದು. ಚಿಮ್ಮುವ ನೀರಿನ ವೇಗ ಎರಡು ಪಟ್ಟಾದರೆ ಪ್ರತಿ ಲೀಟರಿನಿಂದ ಸಿಗುವ ತಳ್ಳುಬಲ ಎರಡು ಪಟ್ಟಾಗುತ್ತದೆ, ಖರ್ಚಾಗುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆ ಪಂಪನ್ನು ಎಸೆಯಬೇಡಿ. ದೊಡ್ಡ ಮಾದರಿಯ ಬ್ಯಾಲಸ್ಟ್ ಟ್ಯಾಂಕಿಗೆ ನೀರು ತುಂಬಲು ಅದು ಲಾಯಕ್ಕಾದದ್ದು. ಔಷಧಿಯ ಅಂಶ ಹೋಗುವಂತೆ ಚೆನ್ನಾಗಿ ತೊಳೆದು, ತೊಳೆದ ನೀರನ್ನು ಕೆರೆಗೆ ಬಿಡದೆ ಬಳಸಿ.

ಅಯಸ್ಕಾಂತದ ಜೋಡಣೆ

ಶಾಫ್ಟಿಗೆ ತೂತೇ ಕೊರೆಯದ ವಿಧಾನವೊಂದಿದೆ. ಕೊಳವೆಯ ಮುಚ್ಚಳದ ಒಳಬದಿಯಲ್ಲಿ ಮೋಟಾರು ಒಂದು ಅಯಸ್ಕಾಂತದ ಚಕ್ರವನ್ನು ತಿರುಗಿಸುತ್ತದೆ. ಹೊರಬದಿಯಲ್ಲಿ ಪ್ರೊಪೆಲ್ಲರಿಗೆ ಅಂಟಿದ ಇನ್ನೊಂದು ಚಕ್ರ ಅದರ ಸೆಳೆತಕ್ಕೆ ತಿರುಗುತ್ತದೆ. ಸೋರಲು ದಾರಿಯೇ ಇಲ್ಲ. ಬಳ್ಳಿ ಸುತ್ತಿಕೊಂಡರೆ ಅಯಸ್ಕಾಂತ ಜಾರುತ್ತದೆ, ಮೋಟಾರು ಸುಡುವುದಿಲ್ಲ. ಮುಚ್ಚಳ ಪ್ಲಾಸ್ಟಿಕ್ಕಿನದಾಗಿರಬೇಕು, ಅಲ್ಯೂಮಿನಿಯಂ ಆದರೆ ಅದರಲ್ಲೇ ಕರೆಂಟ್ ಹುಟ್ಟಿ ಶಕ್ತಿ ವ್ಯರ್ಥ. ಮುಚ್ಚಳ ದಪ್ಪವಾದಷ್ಟೂ ಹಿಡಿತ ಸಡಿಲ. ನಮ್ಮ ಕೆಂಪು ಮಣ್ಣಿನಲ್ಲಿರುವ ಕಬ್ಬಿಣದ ಕಣಗಳು ಹೊರಚಕ್ರಕ್ಕೆ ಮೆತ್ತಿಕೊಳ್ಳುವುದೂ ಉಂಟು. ಚಿಕ್ಕ, ನಿಧಾನದ ಮಾದರಿಗೆ ಚೆಂದದ ಉಪಾಯ. ಮೀಟರ್ ಮೀರಿದ್ದಕ್ಕೆ ನಾನು ಹೇಳುವುದಿಲ್ಲ.

ಎಷ್ಟು ಶಾಫ್ಟ್?

ವಿರಾಜಪೇಟೆಯವರ ಸಮಸ್ಯೆ ಮೋಟಾರಿನ ಬಗೆಯದಲ್ಲ, ಎಣಿಕೆಯದು. 1969ರಲ್ಲಿ ಸೇವೆಗೆ ಸೇರಿ 2001ರಲ್ಲಿ ನಿವೃತ್ತಿಯಾದ, ಈಗ ವಿಶಾಖಪಟ್ಟಣದ ಕಡಲತಡಿಯಲ್ಲಿ ವಸ್ತುಸಂಗ್ರಹಾಲಯವಾಗಿರುವ ಕುರ್ಸುರಾಕ್ಕೆ ಮೂರು ಪ್ರೊಪೆಲ್ಲರ್. ಮೂರನ್ನೂ ಓಡಿಸಿದರೆ ಮೂರು ಸೀಲು, ಅಂದರೆ ಸೋರಲು ಮೂರು ಬಾಗಿಲು. ಜೊತೆಗೆ, ಒಂದೇ ಪ್ರೊಪೆಲ್ಲರಿನ ಚಿಕ್ಕ ಮಾದರಿ ಥಟ್ಟನೆ ವೇಗ ಕೊಟ್ಟಾಗ ಪ್ರೊಪೆಲ್ಲರ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಮಗ್ಗುಲಿಗೆ ವಾಲುತ್ತದೆ. ಬ್ಯಾಟರಿಯನ್ನು ಆದಷ್ಟು ತಳದಲ್ಲಿಟ್ಟರೆ ವಾಲುವುದು ಕಡಿಮೆಯಾಗುತ್ತದೆ. ಎರಡು ಪ್ರೊಪೆಲ್ಲರ್ ಎದುರುಬದುರು ದಿಕ್ಕಿಗೆ ತಿರುಗಿದರೆ ಒಂದರ ವಾಲಿಕೆಯನ್ನು ಇನ್ನೊಂದು ಸರಿದೂಗಿಸುತ್ತದೆ.

ನನ್ನ ಸಲಹೆ: ಅಕ್ಕಪಕ್ಕದ ಎರಡನ್ನು ಒಂದೇ ಮೋಟಾರಿನಿಂದ ಗಿಯರಿನ ಮೂಲಕ ಎದುರುಬದುರು ಓಡಿಸಿ, ನಡುವಿನದನ್ನು ನೀರಿನ ಹರಿವಿಗೆ ತಾನಾಗಿ ತಿರುಗಲು ಬಿಡಿ. ಅದರ ಶಾಫ್ಟ್ ಒಳಗೆ ಹೋಗುವುದೇ ಇಲ್ಲ, ಸೀಲೂ ಬೇಡ. ಐದಡಿ ದೂರದಿಂದ ಯಾರಿಗೂ ವ್ಯತ್ಯಾಸ ಗೊತ್ತಾಗದು. ನೌಕಾಪಡೆಯಲ್ಲಿದ್ದವರಿಗೆ ಮನಸ್ಸು ಒಪ್ಪದಿದ್ದರೆ ಅದು ಬೇರೆ ಮಾತು. 2017ರಲ್ಲಿ ಸೇವೆಗೆ ಬಂದ ಈಗಿನ ಐಎನ್‌ಎಸ್ ಕಲ್ವರಿಗೆ ಒಂದೇ ಪ್ರೊಪೆಲ್ಲರ್. ಅದನ್ನು ಆರಿಸಿದರೆ ಕೆಲಸ ಮೂರನೇ ಒಂದಕ್ಕೆ ಇಳಿಯುತ್ತದೆ ಎಂದು ಅವರಿಗೂ ಹೇಳಿದ್ದೇನೆ. ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ.

ಕೆರೆಗೆ ಇಳಿಸುವ ಮೊದಲು

ಯಾವುದನ್ನೇ ಆರಿಸಿ, ಎಳೆತವನ್ನು ಅಳೆಯದೆ ಕೆರೆಗೆ ಒಯ್ಯಬೇಡಿ. ಕಾಫಿ ಹಣ್ಣು ತೂಗುವ ನೇತಾಡುವ ತಕ್ಕಡಿ ಇದಕ್ಕೆ ದೊಡ್ಡದಾಯಿತು. ಪ್ರಯಾಣದ ಚೀಲ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಮಾದರಿಯ ಬಾಲಕ್ಕೆ ದಾರ ಕಟ್ಟಿ, ನೀರಿನ ತೊಟ್ಟಿಯಲ್ಲಿ ಓಡಿಸಿ, ಎಷ್ಟು ಗ್ರಾಂ ಎಳೆಯುತ್ತದೆ, ಎಷ್ಟು ಆಂಪಿಯರ್ ತಿನ್ನುತ್ತದೆ ಎಂದು ಎರಡನ್ನೂ ಬರೆದಿಡಿ. ಮೀಟರ್ ಉದ್ದದ್ದಕ್ಕೆ ಇನ್ನೂರು ಮುನ್ನೂರು ಗ್ರಾಂ ಬಂದರೆ ಸಾಕಷ್ಟಾಯಿತು. ಪ್ರೊಪೆಲ್ಲರ್ ಬದಲಿಸಿ ಮತ್ತೆ ನೋಡಿ. ಅದೇ ಮೋಟಾರು, ಅದೇ ಬ್ಯಾಟರಿ, ಬೇರೆ ಪ್ರೊಪೆಲ್ಲರಿನಲ್ಲಿ ಎಳೆತ ಹೆಚ್ಚಿ ಕರೆಂಟ್ ಇಳಿಯುವುದನ್ನು ಕಂಡವರು ಆಮೇಲೆ ದೊಡ್ಡ ಮೋಟಾರಿನ ಸುದ್ದಿ ಎತ್ತುವುದಿಲ್ಲ.

ಕೊಳವೆಯನ್ನು ಮನೆಯಲ್ಲಿ ಮುಚ್ಚಿ ತರಬೇಡಿ, ನೀರಿನ ಬದಿಯಲ್ಲೇ ಮುಚ್ಚಿ. ಮಡಿಕೇರಿಯಲ್ಲಿ ಬಿಗಿದು ಕುಶಾಲನಗರದ ಕಡೆ ಇಳಿದರೆ ಮುನ್ನೂರು ಮೀಟರ್ ಎತ್ತರ ಕಡಿಮೆಯಾಗುತ್ತದೆ. ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡದ ವ್ಯತ್ಯಾಸ ಸುಮಾರು ಒಂದು ಅಡಿ ಆಳದ ನೀರಿಗೆ ಸಮನಾಗುತ್ತದೆ. ನೀರಿಗೆ ಇಳಿಯುವ ಮೊದಲೇ ಸೀಲಿನ ಮೇಲೆ ಅಷ್ಟು ಭಾರ ಯಾಕೆ? ಮಳೆಗಾಲದ ತೇವದ ಗಾಳಿಯನ್ನು ಒಳಗಿಟ್ಟು ಮುಚ್ಚಿದರೆ, ತಣ್ಣನೆಯ ನೀರಿಗೆ ಇಳಿದ ಕೂಡಲೇ ಪಾರದರ್ಶಕ ಕೊಳವೆಯ ಒಳಗೋಡೆಯಲ್ಲಿ ಹನಿಗಳು ಮೂಡುತ್ತವೆ. ಅದನ್ನು ಸೋರಿಕೆಯೆಂದು ತಿಳಿದು ಒಳ್ಳೆಯ ಸೀಲನ್ನು ಬಿಚ್ಚಿ ಹಾಳುಮಾಡುವವರು ಬಹಳ. ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡನ್ನು ಒಳಗೆ ಹಾಕಿ. ಹನಿ ಮೇಲ್ಗೋಡೆಯಲ್ಲೂ ಸಮನಾಗಿ ಹರಡಿದ್ದರೆ ಅದು ತೇವ. ಶಾಫ್ಟಿನ ಬುಡದಲ್ಲಿ ಮಾತ್ರ ನೀರು ನಿಂತಿದ್ದರೆ ಸೋರಿಕೆ.

ಸಾಮಾನು ತರಿಸುವುದಿದ್ದರೆ ಮೇ ತಿಂಗಳೊಳಗೆ ತರಿಸಿಕೊಳ್ಳಿ. ಮಳೆ ಹಿಡಿದ ಮೇಲೆ ಮರ ಬಿದ್ದು, ಗುಡ್ಡ ಜರಿದು ಕೊರಿಯರ್ ಯಾವಾಗ ಬರುತ್ತದೆಂದು ಹೇಳಲಾಗದು. ಮೋಟಾರು ಒಂದಿದ್ದರೂ ಸೀಲ್ ನಾಲ್ಕು ಇರಲಿ; ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೋಟಾರು, ನಿಯಂತ್ರಕ, ಕೆಪಾಸಿಟರ್ ಎಲ್ಲ ಸಿಗುತ್ತವೆ, 4 ಮಿಲಿಮೀಟರಿನ ಶಾಫ್ಟಿಗೆ ಹೊಂದುವ ಸೀಲನ್ನು ಮಾತ್ರ ಬೇರಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಕೇಳಬೇಕು.